‘ಗುಳಿಗಿ ಯಾಕ ಬಿಟ್ರಿ?’ ಎಂದು ಕೇಳುವ ಮೊದಲು: ವೈದ್ಯ ವಿದ್ಯಾರ್ಥಿಗಳನ್ನು ನೇಕಾರರ ಮನೆಗೆ ಕರೆದೊಯ್ಯುವ ಬಗೆ

2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಏಟ್‌ಕಾಮ್ (AETCOM) ಎಂಬ ಭಾಗವಿದೆ. ನಡತೆ, ನೀತಿ, ರೋಗಿಯೊಂದಿಗಿನ ಮಾತು ಎಲ್ಲವೂ ಅದರಲ್ಲೇ. ದಯವಿಟ್ಟು ಅದನ್ನು ಸ್ಲೈಡ್ ಹಾಕಿ ಮುಗಿಸಬೇಡಿ. ಗುಳೇದಗುಡ್ಡ ಅಥವಾ ಇಳಕಲ್ಲಿನ ನೇಕಾರರ ಓಣಿಯಲ್ಲಿ ಅರ್ಧ ದಿನ ಸಾಕು.

ಹತ್ತು ವಿದ್ಯಾರ್ಥಿಗಳಿಗೆ ಐದು ಮನೆ. ಒಂದು ಮನೆಗೆ ಇಬ್ಬರೇ, ಅವರಲ್ಲಿ ಒಬ್ಬರಿಗಾದರೂ ಇಲ್ಲಿನ ಮಾತು ಬರಬೇಕು. ಆರು ಮಂದಿ ನುಗ್ಗಿದರೆ ಓಣಿಯೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತದೆ, ಮನೆಯವರು ಬಾಯಿ ಬಿಡುವುದಿಲ್ಲ. ಮನೆ ತೋರಿಸಲು ಆಶಾ ಕಾರ್ಯಕರ್ತೆ ಬರಲಿ. ಕ್ಷಯ, ಮುಟ್ಟು, ಗಂಡನ ಕುಡಿತದ ಮಾತು ಬಂದಾಗ ಮಾತ್ರ ಹೊರಗಿರಲಿ. ಅವರೂ ಅದೇ ಓಣಿಯವರು.

ಒಪ್ಪಿಗೆ ಕೇಳುವುದನ್ನು ಹಿಂದಿನ ದಿನವೇ ಬಾಯಿಬಿಟ್ಟು ಅಭ್ಯಾಸ ಮಾಡಿಸಿ: “ಯಕ್ಕಾರ, ನಾವು ಇನ್ನೂ ಕಲಿಯೋ ಹುಡುಗ್ರು ರೀ, ಔಷಧ ಕೊಡಾಕ ಬಂದಿಲ್ಲ. ಅರ್ಧ ತಾಸು ಮಾತಾಡಬಹುದೇನ್ರಿ? ಬ್ಯಾಡಂದ್ರ ಹೊಳ್ಳಿ ಹೋಗ್ತೀವಿ. ಅದಕ್ಕ ದವಾಖಾನ್ಯಾಗ ನಿಮಗೇನೂ ತ್ರಾಸ ಆಗೂದಿಲ್ಲ.” ಕೊನೆಯ ಮಾತು ಬಿಡಲೇಬಾರದು. ಅದಿಲ್ಲದಿದ್ದರೆ ಒಪ್ಪಿಗೆ ಅಂಜಿಕೆಯಿಂದ ಬಂದದ್ದಾಗುತ್ತದೆ.

ಲಾಳಿ ನಿಲ್ಲಿಸಲು ಹೇಳಬೇಡಿ. ಕುಣಿಮಗ್ಗದಲ್ಲಿ ಕಾಲು ಕುಣಿಯೊಳಗೆ, ಕೂರುವುದು ನೆಲದ ಮಟ್ಟಕ್ಕೆ. ವಿದ್ಯಾರ್ಥಿ ನೆಲದ ಮೇಲೆ ಕುಳಿತರೆ ಮುಖಕ್ಕೆ ಮುಖ ಸಿಗುತ್ತದೆ. ಕುರ್ಚಿಯಲ್ಲಿ ಕುಳಿತರೆ ನೇಯುವವರು ಕತ್ತೆತ್ತಿ ಉತ್ತರಿಸಬೇಕಾಗುತ್ತದೆ. ಜಾತಿ, ಆದಾಯದಿಂದ ಮಾತು ಶುರು ಬೇಡ. ಹಾಳೆಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ. ಮೊಬೈಲ್ ಚೀಲದಲ್ಲೇ ಇರಲಿ.

ಸಕ್ಕರಿ ಬ್ಯಾನಿಯವರು ಮಾತ್ರೆ ಬಿಟ್ಟಿದ್ದರೆ, ‘ಯಾಕ ಬಿಟ್ರಿ?’ ಎನ್ನುವುದು ಬೈಗುಳದಂತೆ ಕೇಳುತ್ತದೆ. “ದವಾಖಾನಿಗಿ ಹೋದ ದಿನ ಏನೇನ್ ಕೆಲಸ ನಿಂತ್ವು?” ಎಂದು ಕೇಳಿಸಿ, ಆ ದಿನದ ಲೆಕ್ಕ ಬರೆಸಿ: ಬಿಟ್ಟ ನೇಯ್ಗೆ, ಜೊತೆಗೆ ಬಂದವರ ಕೂಲಿ, ಊಟ, ಬಸ್ಸು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ ಪುಕ್ಕಟೆ, ಮಾತ್ರೆಯೂ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಎಂದು ವಿದ್ಯಾರ್ಥಿಗಳು ತಟ್ಟನೆ ಹೇಳುತ್ತಾರೆ. ನಿಜವೇ. ಆದರೆ ಜೊತೆ ಬಂದ ಗಂಡನಿಗೆ ಟಿಕೆಟ್ ಇದೆ, ನಿಂತ ಮಗ್ಗಕ್ಕೆ ಕೂಲಿಯಿಲ್ಲ.

ವಿದ್ಯಾರ್ಥಿ ಮನೆಯವರ ಬಿ.ಪಿ. ನೋಡಿದಾಗ ಅದು 180/110 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಲಿ. ಇಳಿಯದಿದ್ದರೆ ಶಿಕ್ಷಕರೇ ಬಂದು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಎದೆನೋವು, ದಮ್ಮು ಇದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ‘ನಾವು ಆಪರೇಷನ್ ಮಾಡಿಸಿ ಕೊಡ್ತೀವಿ’ ಎಂಬ ಭರವಸೆಯನ್ನು ವಿದ್ಯಾರ್ಥಿ ಕೊಡಕೂಡದು. ಮರುಕದಿಂದ ಆಗುವ ತಪ್ಪು ಇದು. ಆದರೆ ಆ ಮನೆಯವರು ತಿಂಗಳುಗಟ್ಟಲೆ ದಾರಿ ಕಾಯುತ್ತಾರೆ.

ಮರಳಿದ ಮೇಲೆ ಒಂದು ತಾಸು ಚರ್ಚೆ. ಕೇಸ್ ಶೀಟಿನಲ್ಲಿ ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ’ ಎಂದು ಬರೆದವರು ಅದನ್ನು ಹೊಡೆದುಹಾಕಿ ಕಾರಣ ಬರೆಯಲಿ. ತಿಂಗಳ ನಂತರ ಅದೇ ಇಬ್ಬರು ಅದೇ ಮನೆಗೆ ಹೋಗಿ, ಮಾತ್ರೆಯ ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿವೆ ಎಂದು ಮನೆಯವರ ಜೊತೆ ಕುಳಿತು ಎಣಿಸಲಿ.