ಉದ್ದನೆ ಟೇಪರ್ ಟರ್ನಿಂಗ್: ಟೇಲ್‌ಸ್ಟಾಕ್ ಸರಿಸುವುದು ಹೇಗೆ?

ಅಕ್ಕಸಾಲಿಗರು ಉಂಗುರ ದುಂಡಗೆ ಮಾಡಲು ಬಳಸುವ ಉಕ್ಕಿನ ಸಲಾಕೆ ನೋಡಿರುತ್ತೀರಿ, ಅಲ್ವಾ? ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಹೀಗೆ ಬರುಬರುತ್ತಾ ಸಣ್ಣಗಾಗುವ ಆಕಾರವೇ ಟೇಪರ್. ಲೇತ್ ಕಲಿಯುವವರಿಗೆ ಇದು ಒಳ್ಳೆ ಜಾಬ್. ಕಾಂಪೌಂಡ್ ಸ್ಲೈಡ್ (ಟೂಲ್ ಕೂರುವ, ಓರೆಗೆ ತಿರುಗುವ ಚಿಕ್ಕ ಸ್ಲೈಡ್) ತಿರುಗಿಸಿ ಮಾಡಲು ಹೋಗಬೇಡಿ, ಅದು ಅಷ್ಟು ದೂರ ಓಡುವುದೇ ಇಲ್ಲ. ರಾಡಿನ ಬಲತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕನ್ನೇ ಅಡ್ಡಕ್ಕೆ ಸರಿಸಬೇಕು. ಜಾಬ್ ಕೆಡುವುದೂ ಅಲ್ಲೇ.

25 ಮಿ.ಮೀ. ದಪ್ಪದ ಇಎನ್8 (ಮಧ್ಯಮ ಇಂಗಾಲದ ಉಕ್ಕು) ರಾಡ್ ತಗೊಳ್ಳಿ. ಎರಡೂ ತುದಿ ಫೇಸ್ ಮಾಡಿ (ಚಪ್ಪಟೆಯಾಗಿ ಕತ್ತರಿಸಿ) ಉದ್ದ ಸರಿಯಾಗಿ 350 ಮಿ.ಮೀ.ಗೆ ತನ್ನಿ. ಎರಡೂ ತುದಿಗೆ ಸೆಂಟರ್ ಡ್ರಿಲ್‌ನಿಂದ ತೂತು ಹಾಕಿ, ಎರಡು ಸೆಂಟರ್ (ಆ ತೂತಿನಲ್ಲಿ ಕೂರುವ ಮೊನೆ) ನಡುವೆ ಕಟ್ಟಿ 24 ಮಿ.ಮೀ.ಗೆ ಸಮವಾಗಿ ಟರ್ನ್ ಮಾಡಿ. ಹೆಡ್‌ಸ್ಟಾಕ್ (ರಾಡ್ ತಿರುಗಿಸುವ ಎಡಭಾಗ) ಕಡೆಯ 50 ಮಿ.ಮೀ. ಹಿಡಿಕೆ. ಡಾಗ್ (ರಾಡನ್ನು ಹಿಡಿದು ತಿರುಗಿಸುವ ಕ್ಲ್ಯಾಂಪ್) ಕಟ್ಟುವುದು ಆ ಹಿಡಿಕೆಗೇ. ಚಕ್‌ನಲ್ಲಿ ಹಿಡಿದರೆ ಟೇಲ್‌ಸ್ಟಾಕ್ ಸರಿಸಿದಾಗ ರಾಡ್ ಬಾಗುತ್ತದೆ.

ಈಗ ಲೆಕ್ಕ. 300 ಮಿ.ಮೀ. ಉದ್ದದಲ್ಲಿ 24 ಇದ್ದದ್ದು 12ಕ್ಕೆ ಇಳಿಯಬೇಕು. ವ್ಯತ್ಯಾಸ 12. ಅದನ್ನು ರಾಡಿನ ಪೂರ್ತಿ ಉದ್ದ 350ರಿಂದ ಗುಣಿಸಿ, ಟೇಪರ್ ಉದ್ದದ ಎರಡರಷ್ಟು, ಅಂದರೆ 600ರಿಂದ ಭಾಗಿಸಿ. ಬರುವುದು 7 ಮಿ.ಮೀ. ತುಂಬಾ ಜನ 350ರ ಜಾಗದಲ್ಲೂ 300 ಹಾಕಿ 6 ಮಿ.ಮೀ. ಸರಿಸುತ್ತಾರೆ. ಆಗ ಸಣ್ಣ ತುದಿ 13.7ರ ಹತ್ತಿರ ನಿಲ್ಲುತ್ತದೆ.

ಟೇಲ್‌ಸ್ಟಾಕ್ ಬುಡದ ಗೆರೆಗಳನ್ನು ನಂಬಬೇಡಿ. 10 ಮಿ.ಮೀ. ಓಡುವ ಡಯಲನ್ನು (ಮುಳ್ಳಿನ ಅಳತೆ ಗೇಜ್) ಟೇಲ್‌ಸ್ಟಾಕ್ ಸ್ಲೀವ್‌ಗೆ (ಸೆಂಟರ್ ಕೂರುವ ಕೊಳವೆ) ನಿಮ್ಮ ಕಡೆಯಿಂದ ತಾಗಿಸಿ ಸೊನ್ನೆ ಮಾಡಿ. ಒಂದು ಬದಿಯ ಸ್ಕ್ರೂ ಸಡಿಲಿಸಿ, ಇನ್ನೊಂದನ್ನು ತಿರುಗಿಸುತ್ತಾ 7 ಮಿ.ಮೀ. ನಿಮ್ಮ ಕಡೆಗೇ ತನ್ನಿ. ಆಚೆ ಸರಿಸಿದರೆ ಟೇಪರ್ ಉಲ್ಟಾ ಆಗುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಡಯಲ್ ಇನ್ನೊಮ್ಮೆ ನೋಡಿ. ಬಿಗಿ ಮಾಡುವಾಗಲೇ ಮುಳ್ಳು ನಾಲ್ಕಾರು ಗೆರೆ ಜರುಗಿರುತ್ತದೆ. 0.1 ಮಿ.ಮೀ. ತಪ್ಪಿದರೂ ಸಣ್ಣ ತುದಿಯಲ್ಲಿ 0.17 ವ್ಯತ್ಯಾಸ ಬರುತ್ತದೆ.

ಇನ್ನೊಂದು ಪರೀಕ್ಷೆ ಬಿಡಲೇಬೇಡಿ. ಡಯಲನ್ನು ಟೂಲ್ ಪೋಸ್ಟ್‌ಗೆ ಕಟ್ಟಿ, ಸೆಂಟರ್ ಎತ್ತರದಲ್ಲಿ ರಾಡಿಗೆ ತಾಗಿಸಿ, ಟೂಲ್ ಹೊತ್ತು ಉದ್ದಕ್ಕೆ ಓಡುವ ಕ್ಯಾರೇಜನ್ನು 100 ಮಿ.ಮೀ. ಓಡಿಸಿ. ಮುಳ್ಳು ಸರಿಯಾಗಿ 2 ಮಿ.ಮೀ. ತೋರಿಸಬೇಕು. ಅಲ್ಲಿಯವರೆಗೆ ಟೂಲ್ ತಾಗಿಸಬೇಡಿ.

ಸೆಂಟರ್ ಎರಡೂ ಕಡೆ ಗುಂಡು ತುದಿಯ ಬಾಲ್ ಸೆಂಟರೇ ಇರಲಿ. ಚೂಪು ಸೆಂಟರ್ ಓರೆಯಾಗಿ ಕೂತು ತೂತಿನ ಅಂಚು ತಿನ್ನುತ್ತದೆ. ಕೈಯಲ್ಲಿ ಅಲುಗಾಡಿಸಿದರೆ ಲೊಟಗುಟ್ಟುವ ಅಗ್ಗದ ರಿವಾಲ್ವಿಂಗ್ ಸೆಂಟರ್‌ಗೆ ದುಡ್ಡು ಹಾಕಬೇಡಿ. ಟೇಲ್‌ಸ್ಟಾಕ್ ಕಡೆ ಗ್ರೀಸ್ ಜಾಸ್ತಿ ಹಚ್ಚಿ. ರಾಡ್ ಬಿಸಿಯಾದರೆ ಉದ್ದವಾಗಿ ಸೆಂಟರ್ ಬಿಗಿಯುತ್ತದೆ, ಆಗಾಗ ನಿಲ್ಲಿಸಿ ಸ್ವಲ್ಪ ಸಡಿಲಿಸಿ.

ಟೂಲ್ ತುದಿ ಸೆಂಟರ್ ಎತ್ತರಕ್ಕೇ ಇರಬೇಕು, ಇಲ್ಲವಾದರೆ ಟೇಪರ್ ನೇರ ಬರುವುದಿಲ್ಲ. ಟೇಲ್‌ಸ್ಟಾಕ್ ಕಡೆಯಿಂದ ಶುರು ಮಾಡಿ. ಮೊದಲ ಕಟ್ ತುದಿಯಲ್ಲಷ್ಟೇ ತಾಗುತ್ತದೆ, ಬರುಬರುತ್ತಾ ಉದ್ದ ಹೆಚ್ಚುತ್ತದೆ. ಕೊನೆಗೆ ಚೂಪು ಟೂಲ್‌ನಲ್ಲಿ ತೆಳು ಕಟ್ ಸಾಕು. ಜೋರು ಮಾಡಿದರೆ ರಾಡ್ ನಡುವೆ ಬಾಗಿ ಹೊಟ್ಟೆ ಉಳಿಯುತ್ತದೆ. ಎಮರಿ ಪೇಪರನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಪಟ್ಟಿ ಮಾಡಿ ಎರಡೂ ತುದಿ ಹಿಡಿಯಿರಿ.

ಜಾಬ್ ಇಳಿಸಿದ ತಕ್ಷಣ ಟೆಸ್ಟ್ ಬಾರ್ (ನೇರ ನೋಡಲು ಬಳಸುವ ಸಮ ದಪ್ಪದ ಸರಳು) ಹಾಕಿ ಟೇಲ್‌ಸ್ಟಾಕನ್ನು ಸೊನ್ನೆಗೆ ತನ್ನಿ. ನಾಳೆ ಅದೇ ಲೇತ್‌ನಲ್ಲಿ ಇನ್ನೊಬ್ಬರು ನೇರ ಶಾಫ್ಟ್ ಕಟ್ಟುತ್ತಾರೆ.