ಹೌಸಿಂಗ್ ಬಿಚ್ಚುವ ಮೊದಲು: ಹಳೇ ಓಮ್ನಿಯ ‘ಟಕ್’ ಸದ್ದು ಹಿಡಿದದ್ದು

ನಮ್ಮದು ಹಳೇ ಮಾರುತಿ ಓಮ್ನಿ. ಎಂಜಿನ್ ಮುಂದಿನ ಸೀಟಿನ ಕೆಳಗೆ, ಗಾಡಿ ಎಳೆಯುವುದು ಹಿಂದಿನ ಚಕ್ರ, ನಡುವೆ ಶಕ್ತಿ ಹಿಂದಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಕಲಬುರಗಿಯಿಂದ ಸೇಡಂ ರೋಡಿಗೆ ಬಿದ್ದರೆ ಸಿಮೆಂಟ್ ಲಾರಿಗಳ ಹಿಂದೆ ಆಕ್ಸಿಲರೇಟರ್ ಬಿಡುವುದು, ಒತ್ತುವುದು ಇದ್ದೇ ಇರುತ್ತದೆ. ಪ್ರತಿ ಸಲ ಕೆಳಗೆ ‘ಟಕ್’. ರಿವರ್ಸ್ ಹಾಕಿದರೆ ಇನ್ನೂ ಜಾಸ್ತಿ. ಒಂದು ಗ್ಯಾರೇಜಿನಲ್ಲಿ ಗಾಡಿ ಕೆಳಗೆ ಬಗ್ಗಿ ನೋಡದೆಯೇ "ಹೌಸಿಂಗ್ ಹೋಗ್ಯಾದ್ರೀ ಅಣ್ಣಾರ, ಬಿಚ್ಚಬೇಕು" ಅಂದರು. ಹೌಸಿಂಗ್ ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ. ಅದರೊಳಗಿನ ಕ್ರೌನ್-ಪಿನಿಯನ್ ಹಲ್ಲುಚಕ್ರ ಅಂದರೆ ಸಣ್ಣ ಖರ್ಚಲ್ಲ. ಮನೆಗೆ ತಂದು ನಾನೇ ನೋಡಿದೆ.

ಎಂಜಿನ್‌ನಿಂದ ಚಕ್ರದ ತನಕ ಒಂದೊಂದು ಜೋಡಣೆಯಲ್ಲೂ ಇಷ್ಟಿಷ್ಟು ಪ್ಲೇ, ಅಂದರೆ ಸಡಿಲ, ಕೂಡುತ್ತದೆ. ಕಿವಿಗೆ ಬೀಳುವುದು ಮಾತ್ರ ಒಂದೇ ಸದ್ದು. ಹಾಗಾಗಿ ಸದ್ದು ಕೇಳಿ ತೀರ್ಪು ಕೊಡಬಾರದು, ಪ್ರತಿ ಜೋಡಣೆಯನ್ನೂ ಕೈಯಲ್ಲಿ ಹಿಡಿದು ನೋಡಬೇಕು.

ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದೆ, ಸಮತಟ್ಟು ಜಾಗ. ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ದಯವಿಟ್ಟು ಯಾರೂ ಕೆಳಗೆ ಹೋಗಬೇಡಿ.

ಎಂಜಿನ್ ಬಂದ್, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಗಟ್ಟಿ. ಹಿಂದಿನ ಚಕ್ರ ಅಲ್ಲಾಡುವುದಿಲ್ಲ. ಈಗ ಶಾಫ್ಟನ್ನು ಆ ಕಡೆ ಈ ಕಡೆ ತಿರುಗಿಸಿದರೆ ಸಿಗುವ ಪ್ಲೇ ಹೌಸಿಂಗ್‌ನದು, ಆಕ್ಸಲ್‌ನದು. ನಮ್ಮದರಲ್ಲಿ ಸ್ವಲ್ಪವೇ ಇತ್ತು. ಅಷ್ಟು ಇರಲೇಬೇಕು. ಹಲ್ಲುಗಳ ನಡುವೆ ಆಯಿಲ್ ನಿಲ್ಲಬೇಕು, ಬಿಸಿಯಾದಾಗ ಹಿಗ್ಗಲು ಜಾಗ ಬೇಕು.

ಆಮೇಲೆ ಕ್ರಾಸ್, ಅಂದರೆ ಶಾಫ್ಟಿನ ತುದಿಯಲ್ಲಿ ಅದನ್ನು ಬಾಗಲು ಬಿಡುವ ಕೀಲು. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಹೌಸಿಂಗ್ ಕಡೆಯ ಫ್ಲ್ಯಾಂಜ್ (ಬೋಲ್ಟ್ ಹಾಕುವ ತಟ್ಟೆ) ಹಿಡಿದು ಎದುರು ಬದುರು ತಿರುವಿದೆ. ಕಳಕ್ ಅಂತು. ಬೆರಳಿಗೇ ಗೊತ್ತಾಯಿತು. ಟಾರ್ಚ್ ಹಾಕಿ ನೋಡಿದರೆ ಕ್ರಾಸ್‌ನ ಬೇರಿಂಗ್ ಕಪ್‌ನ ಬಾಯಲ್ಲಿ ಕೆಂಪು ಪುಡಿ, ಸಣ್ಣಗೆ ಕುಂಕುಮದ ಹಾಗೆ. ಗ್ರೀಸ್ ಒಣಗಿ ಒಳಗಿನ ಸೂಜಿ ಬೇರಿಂಗ್ ತುಕ್ಕು ಹಿಡಿದು ಸವೆದಾಗ ಬರುವ ಪುಡಿ ಅದು. ಹೌಸಿಂಗ್‌ಗೆ ಕೊಡುವ ರಿಯಾಯಿತಿ ಕ್ರಾಸ್‌ಗೆ ಇಲ್ಲ. ಕೈಗೆ ಪ್ಲೇ ಸಿಕ್ಕಿತು ಅಂದರೆ ಬದಲಿಸುವುದೇ. ಮುಂದಿನ ಕ್ರಾಸ್ ಚೆನ್ನಾಗಿತ್ತು.

ಎಂಜಿನ್, ಗೇರ್‌ಬಾಕ್ಸ್ ಹಿಡಿದು ಕೂರಿಸುವ ರಬ್ಬರ್ ಮೌಂಟ್‌ಗಳನ್ನೂ ಬಿಡಬಾರದು. ಗಾಡಿ ಇಳಿಸಿ, ಸೀಟು ಎತ್ತಿದೆ. ತಮ್ಮ ಬ್ರೇಕ್ ಒತ್ತಿಕೊಂಡೇ ಮೊದಲ ಗೇರಿನಲ್ಲಿ, ಆಮೇಲೆ ರಿವರ್ಸ್‌ನಲ್ಲಿ ಕ್ಲಚ್ಚನ್ನು ತುಸುವೇ ಬಿಟ್ಟ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಗಾಡಿಯ ಮುಂದೆ ಹಿಂದೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ಜಾಸ್ತಿಯೇ ವಾಲುತ್ತಿತ್ತು. ಗೇರ್‌ಬಾಕ್ಸ್ ಮೌಂಟಿನ ರಬ್ಬರ್ ಸೀಳಿತ್ತು.

ಶಾಫ್ಟ್ ಬಿಚ್ಚುವ ಮೊದಲು ಹೌಸಿಂಗ್ ಕಡೆ ಒಂದಕ್ಕೊಂದು ಕೂಡುವ ಎರಡೂ ಫ್ಲ್ಯಾಂಜ್ ಮೇಲೆ ಒಂದೇ ಗೆರೆಯಲ್ಲಿ ಪೇಂಟ್ ಗುರುತು ಹಾಕಿ. ಇದ್ದ ಹಾಗೇ ಕೂರದಿದ್ದರೆ ವೇಗದಲ್ಲಿ ನಡುಗುವ ಸಾಧ್ಯತೆ ಇದೆ. ಗೇರ್‌ಬಾಕ್ಸ್ ಕಡೆಯಿಂದ ಶಾಫ್ಟ್ ಎಳೆದಾಗ ಆಯಿಲ್ ಸುರಿಯುತ್ತದೆ, ಆ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಸುರಿದಷ್ಟು ಮತ್ತೆ ತುಂಬಿಸಿ.

ಹಿಂದಿನ ಕ್ರಾಸ್, ಮೌಂಟ್ ಎರಡೂ ಹೊಸದು ಹಾಕಿದ ಮೇಲೆ ರಿವರ್ಸ್‌ನ ಟಕ್ ನಿಂತಿತು. ಹೌಸಿಂಗ್ ಇನ್ನೂ ಬಿಚ್ಚಿಲ್ಲ.