ಹೋಮ್ ಟೌನ್ ಉಡುಪಿ, ಎಲ್‌ಟಿಸಿ ಅಂಡಮಾನಿಗೆ

ಮನೆ ಉಡುಪಿ, ಕೆಲಸ ಮಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ. ನನ್ನಂಥವರಿಗೆ ಹೋಮ್ ಟೌನ್ ಎಲ್‌ಟಿಸಿ (ರಜೆಯಲ್ಲಿ ಸ್ವಂತ ಊರಿಗೆ ಹೋಗಿಬರುವ ಪ್ರಯಾಣದ ಖರ್ಚನ್ನು ಸರ್ಕಾರ ಕೊಡುವ ಸೌಲಭ್ಯ) ಅಂದರೆ ನಗು ಬರುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಊರು ಬರುತ್ತದೆ. ಆ ಟಿಕೆಟ್ಟಿಗೆ ಬಿಲ್ಲು ಹಾಕುವವರು ಯಾರು? ನಮ್ಮ ಸೆಕ್ಷನ್‌ನಲ್ಲಿ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ನಾನು ಬಿಡಲಿಲ್ಲ. ನಾಲ್ಕು ವರ್ಷದ ಬ್ಲಾಕ್‌ನಲ್ಲಿ ಒಂದು ಹೋಮ್ ಟೌನ್ ಎಲ್‌ಟಿಸಿಯನ್ನು ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಲಡಾಖ್ ಇಲ್ಲವೇ ಅಂಡಮಾನ್‌ಗೆ ಬದಲಿಸಿಕೊಳ್ಳಬಹುದು. ಈ ಸಡಿಲಿಕೆಯನ್ನು 2024ರಲ್ಲಿ ಮತ್ತೆ ಎರಡು ವರ್ಷ, ಅಂದರೆ 2026ರ ಸೆಪ್ಟೆಂಬರ್ 25ರವರೆಗೆ ವಿಸ್ತರಿಸಿದ್ದಾರೆ. ಆದರೆ ಹೋಮ್ ಟೌನ್ ಮತ್ತು ಕೆಲಸದ ಊರು ಒಂದೇ ಆಗಿದ್ದರೆ ಈ ಬದಲಾವಣೆ ಇಲ್ಲ. ಮಂಗಳೂರಿನ ಕದ್ರಿಯಲ್ಲೇ ಹುಟ್ಟಿ ಬೆಳೆದ ನನ್ನ ಪಕ್ಕದ ಸೀಟಿನವನಿಗೆ ಅದಕ್ಕೇ ಸಿಗಲಿಲ್ಲ. ಇವತ್ತಿಗೂ ಗೊಣಗುತ್ತಾನೆ, ಪಾಪ.

ವೇತನ ಶ್ರೇಣಿಯಲ್ಲಿ ನಾನು ಲೆವೆಲ್ 6. ಪೂರ್ತಿ ವಿಮಾನದ ಅರ್ಹತೆ ನಮಗಿಲ್ಲ. ಮಂಗಳೂರಿನಿಂದ ಚೆನ್ನೈಗೆ ರೈಲು, ಎಸಿ ಟು ಟಯರ್. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ, ಈಗಿನ ಶ್ರೀ ವಿಜಯಪುರಂಗೆ, ಎಕಾನಮಿ ಕ್ಲಾಸ್ ವಿಮಾನ. ಮಕ್ಕಳಿಗಂತೂ ರೈಲೇ ಜಾಸ್ತಿ ಖುಷಿ ಕೊಟ್ಟಿತು.

ವಿಮಾನದ ಟಿಕೆಟ್ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ, ಸರ್ಕಾರ ಒಪ್ಪಿದ ಈ ಮೂರು ಟಿಕೆಟ್ ಏಜೆಂಟರಲ್ಲೇ ತೆಗೆಯಬೇಕು. ಬೇರೆ ಆ್ಯಪ್‌ನಲ್ಲಿ ಇನ್ನೂರು ರೂಪಾಯಿ ಕಡಿಮೆ ಕಂಡರೂ ಆಸೆ ಪಡಬೇಡಿ. ಹೊರಡುವ 21 ದಿನ ಮೊದಲೇ ಬುಕ್ ಮಾಡಿ ಅನ್ನುತ್ತದೆ ಸರ್ಕಾರ. ನಾನು ಬುಕ್ ಮಾಡುವಾಗಲೇ ಆ ಹೊತ್ತಿನ ಎಲ್ಲ ವಿಮಾನಗಳ ದರ ಇರುವ ಪುಟವನ್ನು ಪ್ರಿಂಟ್ ತೆಗೆದಿಟ್ಟೆ. ಬಿಲ್ಲು ನೋಡುವವರು ಮೊದಲು ಕೇಳಿದ್ದೇ ಅದನ್ನು. ಮರುದಿನ ತೆಗೆದರೆ ದರ ಬೇರೆಯೇ ಇರುತ್ತದೆ, ಅಲ್ವಾ? ಬೋರ್ಡಿಂಗ್ ಪಾಸ್ ಇನ್ನೊಂದು ತಲೆನೋವು. ಆ ನುಣುಪು ಕಾಗದದ ಅಕ್ಷರ ನಮ್ಮ ಕರಾವಳಿಯ ಸೆಕೆಗೆ, ಬೆವರಿಗೆ ಬೇಗ ಮಾಸುತ್ತದೆ. ಇಳಿದ ಕೂಡಲೇ ಫೋಟೋ ತೆಗೆದು, ಊರಿಗೆ ಬಂದು ಜೆರಾಕ್ಸ್ ಮಾಡಿಸಿದೆ.

ರಜೆ ನಗದೀಕರಣವನ್ನೂ ಇದರ ಜೊತೆಗೇ ಕೇಳಿ. ಒಂದು ಸಲಕ್ಕೆ 10 ದಿನದ ಇಎಲ್ (ಗಳಿಕೆ ರಜೆ), ಇಡೀ ಸರ್ವಿಸ್‌ಗೆ 60 ದಿನ. ರಜೆಯೂ ನಗದೂ ಕಳೆದ ಮೇಲೆ ಖಾತೆಯಲ್ಲಿ 30 ದಿನ ಉಳಿದಿರಬೇಕು. ನಿವೃತ್ತಿಯಲ್ಲಿ ಸಿಗುವ 300 ದಿನದ ಲೆಕ್ಕದಿಂದ ಇದನ್ನು ಕಳೆಯುವುದಿಲ್ಲ. ನಮ್ಮ ಹೋಟೆಲ್ ಖರ್ಚು ಹೆಚ್ಚುಕಮ್ಮಿ ಇದರಲ್ಲೇ ಹೋಯಿತು. ಯಾಕಂದರೆ ಎಲ್‌ಟಿಸಿಯಲ್ಲಿ ದಿನಭತ್ಯೆ ಇಲ್ಲ, ಹೋಟೆಲ್, ಟ್ಯಾಕ್ಸಿ ಎಲ್ಲ ಕೈಯಿಂದಲೇ.

ಅಡ್ವಾನ್ಸ್ 90 ಪರ್ಸೆಂಟ್‌ವರೆಗೆ ಸಿಗುತ್ತದೆ. ತೆಗೆದುಕೊಂಡರೆ ವಾಪಸ್ ಬಂದ ಒಂದು ತಿಂಗಳೊಳಗೆ ಬಿಲ್ಲು ಕೊಡಬೇಕು, ತೆಗೆದುಕೊಳ್ಳದಿದ್ದರೆ ಮೂರು ತಿಂಗಳು ಟೈಮಿದೆ. ಕೈಯಲ್ಲಿ ದುಡ್ಡಿದ್ದರೆ ಅಡ್ವಾನ್ಸಿನ ಗೋಜಿಗೆ ಹೋಗದಿರುವುದೇ ಆರಾಮ.